ಅಡುಗೆಮನೆಯ ಹಾಡು, ಪಂಕ್ ಗಂಟಲು

ಶೇನ್ ಮೆಕ್‌ಗವನ್ ಬಗ್ಗೆ ಯಾರು ಬರೆದರೂ ಒಂದು ಸಾಲು ತಪ್ಪದೆ ಬರುತ್ತದೆ. ಪಂಕ್ ಅನ್ನುವ ಒರಟು, ಗದ್ದಲದ ರಾಕ್ ಸಂಗೀತದ ಹುಡುಗ, ಆಮೇಲೆ ಐರಿಷ್ ಜನಪದದ ಕಡೆ ಹೊರಳಿದ ಅಂತ. ನನಗೆ ಈ ಮಾತು ಹಿಡಿಸುವುದಿಲ್ಲ. ಜನಪದ ಅವನಿಗೆ ಮೊದಲಿನಿಂದಲೂ ಇತ್ತು. ಪಂಕ್‌ಗಿಂತ ಎಷ್ಟೋ ವರ್ಷ ಮುಂಚೆ, ತಾಯಿಯ ತವರಿನ ಅಡುಗೆಮನೆಯಲ್ಲಿ. ಪಂಕ್ ಬಂದದ್ದು ನಡುವೆ. ಬಂದು, ಆ ಹಳೆಯ ಹಾಡುಗಳನ್ನು ತನಗೆ ಕೇಳಿಸಿದ ಹಾಗೆಯೇ ಹಾಡುವ ಧೈರ್ಯ ಕೊಟ್ಟಿತು. ಈ ಕ್ರಮವನ್ನು ತಿರುಗಾಮುರುಗಾ ಮಾಡಿದರೆ ಅವನ ಇಡೀ ಕೆಲಸ ಬೇರೆ ಥರ ಕೇಳಿಸುತ್ತದೆ. ಅದಕ್ಕೇ ಇದನ್ನು ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಅವನ ಹೆಸರು ಗೊತ್ತಿಲ್ಲದವರಿಗೆ ಎರಡು ಮಾತು. ಶೇನ್ ಹುಟ್ಟಿದ್ದು 1957ರ ಕ್ರಿಸ್‌ಮಸ್ ದಿನ, ಇಂಗ್ಲೆಂಡಿನ ಕೆಂಟ್‌ನಲ್ಲಿ. ಅಪ್ಪ ಅಮ್ಮ ಇಬ್ಬರೂ ಐರ್ಲೆಂಡಿನವರು. 1982ರಲ್ಲಿ ಲಂಡನ್ನಿನಲ್ಲಿ ಶುರುವಾದ ‘ದ ಪೋಗ್ಸ್’ ತಂಡದ ಮುಖ್ಯ ಗಾಯಕ, ಹೆಚ್ಚಿನ ಹಾಡುಗಳನ್ನು ಬರೆದವನು. ಪ್ರತಿ ಡಿಸೆಂಬರ್‌ನಲ್ಲಿ ಬ್ರಿಟನ್ನಿನ ಅಂಗಡಿಗಳಲ್ಲೆಲ್ಲ ಕೇಳಿಬರುವ, ಗಂಡು ಹೆಣ್ಣು ಇಬ್ಬರು ಒಬ್ಬರನ್ನೊಬ್ಬರು ಬೈದುಕೊಳ್ಳುವ ಆ ಕ್ರಿಸ್‌ಮಸ್ ಹಾಡು ಇದೆಯಲ್ಲ, ‘ಫೇರಿಟೇಲ್ ಆಫ್ ನ್ಯೂಯಾರ್ಕ್’, ಅದು ಅವರದ್ದೇ. 2023ರ ನವೆಂಬರ್ 30ರಂದು ಶೇನ್ ತೀರಿಕೊಂಡ. ವಯಸ್ಸು 65.

ತಾಯಿಯ ಊರು ಟಿಪೆರರಿ ಜಿಲ್ಲೆಯ ನೀನಾ ಪಟ್ಟಣದ ಹತ್ತಿರ, ಕಾರ್ನಿ ಅಂತ. ಹಳೆಯ ಒಕ್ಕಲು ಮನೆ. ಬಾಲ್ಯದ ಒಂದಷ್ಟು ಕಾಲ ಅವನು ಅಲ್ಲಿ ಕಳೆದ. ದೊಡ್ಡವನಾದ ಮೇಲೂ ಸಂದರ್ಶನಗಳಲ್ಲಿ ಆ ಮನೆಯ ಮಾತು ಬಂದರೆ ಅವನ ದನಿಯೇ ಬೇರೆಯಾಗುತ್ತಿತ್ತು. ಅಕ್ಕಪಕ್ಕದವರು ಸುಮ್ನೆ ಒಳಗೆ ಬರುತ್ತಿದ್ದರಂತೆ. ರಾತ್ರಿಯೆಲ್ಲ ಹಾಡು, ಕುಣಿತ, ಇಸ್ಪೀಟು, ಪ್ರಾರ್ಥನೆ, ಕುಡಿತ, ಎಲ್ಲ ಒಂದೇ ಕೋಣೆಯಲ್ಲಿ. ಪುಟ್ಟ ಹುಡುಗನನ್ನು ಮೇಜಿನ ಮೇಲೆ ನಿಲ್ಲಿಸಿ ಹಾಡಿಸುತ್ತಿದ್ದರು ಅಂತ ಅವನೇ ಹೇಳಿಕೊಂಡಿದ್ದಾನೆ.

ಇಲ್ಲಿ ಒಂದು ವಿಷಯ ನೆನಪಿಡಬೇಕು. ಐರ್ಲೆಂಡಿನಲ್ಲಿ 1935ರಲ್ಲಿ ಒಂದು ಕಾನೂನು ಬಂತು. ಸಾರ್ವಜನಿಕ ಕುಣಿತಕ್ಕೆ ಪರವಾನಗಿ ಬೇಕು ಅಂತ. ಅದನ್ನು ಹಿಡಿದುಕೊಂಡು ಪಾದ್ರಿಗಳು, ಪೊಲೀಸರು ಹಳ್ಳಿಮನೆಗಳ ಕುಣಿತಕ್ಕೂ ಕೈಹಾಕಿದರು. ಕೆಲವು ಕಡೆ ಅದು ನಿಂತೇ ಹೋಯಿತು. ಇನ್ನು ಕೆಲವು ಕಡೆ ಬಾಗಿಲು ಹಾಕಿಕೊಂಡು ನಡೆಯಿತು. ಮುಂದೆ 1960ರ ಹೊತ್ತಿಗೆ ಡಬ್ಲಿನ್‌ನಲ್ಲಿ ಷಾನ್ ಓ ರೀಡಾ ಅಂಥ ದೊಡ್ಡ ಸಂಗೀತಗಾರರು ಇದೇ ಹಳ್ಳಿಯ ಸಂಗೀತವನ್ನು ಸಭಾಂಗಣಕ್ಕೆ ತಂದರು. ವಾದಕರು ಕಪ್ಪು ಸೂಟು ಹಾಕಿ ಕೂತು ನುಡಿಸಿದರು. ಅದು ಒಳ್ಳೆಯದೇ. ಆ ಸಂಗೀತಕ್ಕೆ ಪೇಟೆಯಲ್ಲಿ ಮರ್ಯಾದೆ ತಂದುಕೊಟ್ಟ ಕೆಲಸ ಅದು. ಆದರೆ ಸಭಾಂಗಣದಲ್ಲಿ ಕೂತು ಕೇಳುವ ಸಂಗೀತಕ್ಕೂ ಕುಡಿದವರು ಬೆಂಚು ಬಡಿಯುತ್ತಾ ಹಾಡುವ ಸಂಗೀತಕ್ಕೂ ವ್ಯತ್ಯಾಸ ಇದೆ ಅಲ್ವಾ? ಶೇನ್‌ಗೆ ಗೊತ್ತಿದ್ದದ್ದು ಎರಡನೆಯದು.

ಲಂಡನ್ನಿನಲ್ಲಿ ಅವನ ಬದುಕು ಹಳಿ ತಪ್ಪುತ್ತಾ ಹೋಯಿತು. ಓದಿನಲ್ಲಿ ಚುರುಕು. ಚೆನ್ನಾಗಿ ಬರೆಯುತ್ತಿದ್ದ ಅಂತ ವಿದ್ಯಾರ್ಥಿವೇತನ ಸಿಕ್ಕಿ 1971ರಲ್ಲಿ ವೆಸ್ಟ್‌ಮಿನ್‌ಸ್ಟರ್ ಶಾಲೆಗೆ ಹೋದ. ಶ್ರೀಮಂತರ ಮಕ್ಕಳು ಓದುವ ಜಾಗ. ಡ್ರಗ್ಸ್ ಕಾರಣಕ್ಕೆ ಹೊರಗೆ ಹಾಕಿದರು. ಹದಿನೇಳು ಹದಿನೆಂಟರ ಹೊತ್ತಿಗೆ ಕೆಲವು ತಿಂಗಳು ಮಾನಸಿಕ ಆಸ್ಪತ್ರೆಯಲ್ಲಿದ್ದ. ಅಲ್ಲಿಂದ ಹೊರಗೆ ಬಂದಾಗ 1976. ಲಂಡನ್ನಿನಲ್ಲಿ ಪಂಕ್ ಹುಟ್ಟುತ್ತಿತ್ತು.

ಪಂಕ್ ಅಂದರೆ ಹರಿದ ಬಟ್ಟೆ, ಪಿನ್ನು, ಬಣ್ಣದ ಕೂದಲು ಅಂತ ಮಾತ್ರ ಗೊತ್ತಿರುವವರು ಜಾಸ್ತಿ. ಅದರ ಒಳಗಿನ ಮಾತು ಬೇರೆ. ಹಾಡೋಕೆ ಯಾರ ಒಪ್ಪಿಗೆಯೂ ಬೇಡ. ಮೂರು ಕಾರ್ಡ್ (ಗಿಟಾರಿನಲ್ಲಿ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಗೊತ್ತಿದ್ದರೆ ಸಾಕು. ದನಿ ಚೆನ್ನಾಗಿರಬೇಕಿಲ್ಲ, ಉಚ್ಚಾರ ಸರಿ ಇರಬೇಕಿಲ್ಲ, ಹಲ್ಲು ಕೂಡ ಸರಿ ಇರಬೇಕಿಲ್ಲ. ಶೇನ್‌ನ ಹಲ್ಲು ಯಾವತ್ತೂ ಸರಿ ಇರಲಿಲ್ಲ. ಆ ವರ್ಷ ಅಕ್ಟೋಬರ್‌ನಲ್ಲಿ ‘ದ ಕ್ಲ್ಯಾಷ್’ ತಂಡದ ಕಾರ್ಯಕ್ರಮದಲ್ಲಿ ಅವನ ಕಿವಿಯಿಂದ ರಕ್ತ ಸುರಿಯುತ್ತಿರುವ ಫೋಟೊ ಸಂಗೀತ ಪತ್ರಿಕೆಯಲ್ಲಿ ಬಂತು. ಹಾಡುವ ಮೊದಲೇ ಹೆಸರಾದ. ಆಮೇಲೆ ‘ದ ನಿಪ್ಸ್’ ಅನ್ನುವ ಪಂಕ್ ತಂಡದಲ್ಲಿ ಹಾಡಿದ. ಕೆಲವು ಸಿಂಗಲ್‌ಗಳು ಬಂದವು. 1980ರ ಆಸುಪಾಸಿಗೆ ಅದು ಮುಗಿಯಿತು. ಅಷ್ಟರಲ್ಲಿ ಪಂಕ್ ಕೂಡ ಸುಸ್ತಾಗಿತ್ತು. ಎಲ್ಲರೂ ಸಿಂಥಸೈಜರ್ ಕೊಂಡುಕೊಳ್ಳುತ್ತಿದ್ದರು. ಪಾಪ್ ಸಂಗೀತ ಥಳಥಳ ಹೊಳೆಯೋಕೆ ಶುರುವಾಗಿತ್ತು.

ಆ ಹೊತ್ತಲ್ಲಿ ಶೇನ್ ಮತ್ತು ಅವನ ಗೆಳೆಯ ಸ್ಪೈಡರ್ ಸ್ಟೇಸಿ ಹಳೆಯ ಐರಿಷ್ ಬಂಡಾಯದ ಹಾಡುಗಳನ್ನು ಪಂಕ್ ವೇಗದಲ್ಲಿ ಹಾಡಿ ನೋಡಿದರು. ಜೆಮ್ ಫೈನರ್ ಬ್ಯಾಂಜೊ ಹಿಡಿದ. ನಿಪ್ಸ್‌ನಲ್ಲಿ ಗಿಟಾರ್ ನುಡಿಸುತ್ತಿದ್ದ ಜೇಮ್ಸ್ ಫರ್ನ್ಲಿ ಕೈಗೆ ಅಕಾರ್ಡಿಯನ್ ಕೊಟ್ಟರು. ಸ್ಪೈಡರ್ ಟಿನ್ ವಿಸಲ್ ಅನ್ನುವ ಪುಟ್ಟ ಲೋಹದ ಕೊಳಲು ಕಲಿತ. 1982ರ ಅಕ್ಟೋಬರ್ 4ರಂದು ಲಂಡನ್ನಿನ ಕಿಂಗ್ಸ್ ಕ್ರಾಸ್ ಹತ್ತಿರ, ಗ್ರೇಸ್ ಇನ್ ರಸ್ತೆಯ ‘ಪಿಂಡಾರ್ ಆಫ್ ವೇಕ್‌ಫೀಲ್ಡ್’ ಅನ್ನುವ ಪಬ್‌ನಲ್ಲಿ ಮೊದಲ ಕಾರ್ಯಕ್ರಮ.

ಈ ಪಬ್ ಬಗ್ಗೆ ನಾನು ಸ್ವಲ್ಪ ನಿಲ್ಲಲೇಬೇಕು. ನಾನು ಕೆಲಸಕ್ಕೆ ಅಂತ ಲಂಡನ್ನಿನಲ್ಲಿದ್ದಾಗ ಆ ರಸ್ತೆಯಲ್ಲಿ ಎಷ್ಟೋ ಸಲ ನಡೆದಿದ್ದೇನೆ. ಈಗ ಅದರ ಹೆಸರು ವಾಟರ್ ರ್‍ಯಾಟ್ಸ್. ಹೊರಗಿನಿಂದ ವಿಶೇಷ ಏನೂ ಇಲ್ಲ. ಆದರೆ ಇದೇ ಪಬ್‌ನಲ್ಲಿ, ಪೋಗ್ಸ್‌ಗಿಂತ ಇಪ್ಪತ್ತು ವರ್ಷ ಮೊದಲು, ಇವಾನ್ ಮೆಕಾಲ್ ಮತ್ತು ಪೆಗ್ಗಿ ಸೀಗರ್ ನಡೆಸುತ್ತಿದ್ದ ‘ಸಿಂಗರ್ಸ್ ಕ್ಲಬ್’ ಸೇರುತ್ತಿತ್ತು. 1962ರ ಡಿಸೆಂಬರ್‌ನಲ್ಲಿ, ಇನ್ನೂ ಯಾರಿಗೂ ಗೊತ್ತಿರದ ಬಾಬ್ ಡಿಲನ್ ಬಂದು ಹಾಡಿದ್ದು ಇಲ್ಲೇ. ಮೆಕಾಲ್ ಆ ಕಾಲದ ಇಂಗ್ಲಿಷ್ ಜನಪದ ಪುನರುಜ್ಜೀವನದ ದೊಡ್ಡ ಯಜಮಾನ. ಅವರ ಕ್ಲಬ್‌ನಲ್ಲಿ ಒಂದು ನಿಯಮ ಇತ್ತು. ವೇದಿಕೆಯಲ್ಲಿ ಹಾಡುವವರು ತಮ್ಮ ನಾಡಿನ, ತಮ್ಮ ನುಡಿಯ ಹಾಡನ್ನೇ ಹಾಡಬೇಕು. ಲಂಡನ್ನಿನವನು ಅಮೆರಿಕದ ದಕ್ಷಿಣದ ಕೂಲಿಯ ಹಾಡು ಹಾಡುವಂತಿಲ್ಲ.

ಈ ನಿಯಮವನ್ನು ನಾನು ಹಗುರವಾಗಿ ತಗೊಳ್ಳುವುದಿಲ್ಲ. ಅದರಿಂದ ಎಷ್ಟೋ ಹುಡುಗರು ತಮ್ಮ ಜಿಲ್ಲೆಯ, ತಮ್ಮ ಅಜ್ಜಿಯ ಹಾಡುಗಳನ್ನು ಹುಡುಕಿಕೊಂಡು ಹೋದರು. ಮೆಕಾಲ್ ಬಿಬಿಸಿಗೆ ಮಾಡಿದ ರೇಡಿಯೊ ಬ್ಯಾಲಡ್‌ಗಳು (ಬ್ಯಾಲಡ್ ಅಂದರೆ ಕಥೆ ಹೇಳುವ ಹಾಡು), 1958ರಿಂದ 1964ರವರೆಗಿನವು, ಮೀನುಗಾರರು, ಗಣಿ ಕೆಲಸಗಾರರು, ಅಲೆಮಾರಿಗಳು ಆಡಿದ ಮಾತನ್ನೇ ಹಾಡಿನ ಜೊತೆ ಹೆಣೆದದ್ದು, ಇವತ್ತು ಕೇಳಿದರೂ ಮೈ ನವಿರೇಳುತ್ತದೆ. ಆದರೆ ಆ ನಿಯಮವನ್ನು ಶೇನ್ ಮುಂದೆ ಇಟ್ಟು ನೋಡಿ. ಹುಟ್ಟಿದ್ದು ಕೆಂಟ್. ಬೆಳೆದದ್ದು ಲಂಡನ್. ಉಚ್ಚಾರ ಲಂಡನ್ನಿನದು. ರಕ್ತ ಐರ್ಲೆಂಡಿನದು. ಅವನ ನಾಡು ಯಾವುದು? ಅವನು ಯಾವ ಹಾಡು ಹಾಡಬೇಕು? ಇನ್ನೊಂದು ಮಾತೂ ಇದೆ. ಇವಾನ್ ಮೆಕಾಲ್ ಅವರ ಹುಟ್ಟು ಹೆಸರು ಜೇಮ್ಸ್ ಮಿಲ್ಲರ್. ಹುಟ್ಟಿದ್ದು ಇಂಗ್ಲೆಂಡಿನ ಸಾಲ್ಫರ್ಡ್‌ನಲ್ಲಿ, ಕೆಲಸ ಹುಡುಕಿಕೊಂಡು ಬಂದ ಸ್ಕಾಟ್ಲೆಂಡಿನ ಅಪ್ಪ ಅಮ್ಮನಿಗೆ. ಅಂದರೆ ಅವರೂ ವಲಸಿಗರ ಮಗನೇ. ಅವರೂ ಅಪ್ಪ ಅಮ್ಮನಿಂದ ಕೇಳಿದ ಹಾಡುಗಳ ಮೂಲಕ ತಾವು ಬೆಳೆಯದ ಒಂದು ನಾಡನ್ನು ಹಿಡಿದುಕೊಂಡವರೇ. ಇಬ್ಬರ ಹಸಿವು ಒಂದೇ ಅನ್ನೋದು ನನ್ನ ನಂಬಿಕೆ. ದಾರಿ ಬೇರೆ ಅಷ್ಟೇ.

ಮೆಕಾಲ್ 1949ರಲ್ಲಿ ಒಂದು ನಾಟಕಕ್ಕೆ, ದೃಶ್ಯ ಬದಲಾಗುವ ಹೊತ್ತನ್ನು ತುಂಬೋಕೆ ಅಂತ, ‘ಡರ್ಟಿ ಓಲ್ಡ್ ಟೌನ್’ ಬರೆದರು. ಸಾಲ್ಫರ್ಡ್‌ನ ಕಾಲುವೆ, ಕಾರ್ಖಾನೆ, ಹೊಗೆ ಅದರಲ್ಲಿದೆ. ಅದನ್ನು ಐರ್ಲೆಂಡಿನ ಹಿರಿಯ ಜನಪದ ತಂಡ ಡಬ್ಲಿನರ್ಸ್‌ನ ಲ್ಯೂಕ್ ಕೆಲ್ಲಿ ಹಾಡಿದರು. 1985ರಲ್ಲಿ ಪೋಗ್ಸ್ ಹಾಡಿದರು. ಇವತ್ತು ಅದು ಐರಿಷ್ ಹಾಡು ಅಂತ ನಂಬಿರುವವರೇ ಜಾಸ್ತಿ. ಐರ್ಲೆಂಡಿನ ಪಬ್‌ಗಳಲ್ಲಿ ಅದನ್ನು ಡಬ್ಲಿನ್ ಬಗ್ಗೆಯೇ ಅನ್ನುವ ಹಾಗೆ ಹಾಡುತ್ತಾರೆ. ಮುಂದೆ 1987ರಲ್ಲಿ ಆ ಕ್ರಿಸ್‌ಮಸ್ ಹಾಡಿಗೆ ಹೆಣ್ಣುದನಿ ಬೇಕಾದಾಗ ಬಂದವರು ಕರ್ಸ್ಟಿ ಮೆಕಾಲ್. ಇವಾನ್ ಮೆಕಾಲ್ ಅವರ ಮಗಳು. ಅಪ್ಪ ನಿಯಮ ಹಾಕಿದ್ದ ಪಬ್‌ನಲ್ಲಿ ಹುಟ್ಟಿದ ತಂಡದ ಜೊತೆ ಮಗಳು ಹಾಡಿದ ಆ ಹಾಡು ಬ್ರಿಟನ್ನಿನಲ್ಲಿ ಎರಡನೇ ಸ್ಥಾನಕ್ಕೆ, ಐರ್ಲೆಂಡಿನಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಕರ್ಸ್ಟಿ 2000ದ ಡಿಸೆಂಬರ್‌ನಲ್ಲಿ ಮೆಕ್ಸಿಕೊದ ಕಡಲಲ್ಲಿ ಮೋಟರ್‌ಬೋಟ್ ಬಡಿದು ತೀರಿಕೊಂಡರು. ಆ ದನಿ ಕೇಳಿದಾಗಲೆಲ್ಲ ಅದೂ ನೆನಪಾಗುತ್ತದೆ.

ವಲಸೆ ಬಂದವರು ಹಾಡನ್ನು ಕೆಡಿಸುತ್ತಾರೆ ಅನ್ನುವ ಮಾತು ನಮಗೆಲ್ಲ ಕೇಳಿ ಗೊತ್ತು. ಐರಿಷ್ ಸಂಗೀತದ ಮಟ್ಟಿಗೆ ಇದು ಎಷ್ಟು ಸುಳ್ಳು ಅಂತ ನೋಡಿ. ಈಗ ಐರ್ಲೆಂಡಿಗೆ ಹೋದರೆ ಪ್ರವಾಸಿಗರಿಗೆ ಮೊದಲು ತೋರಿಸುವುದು ಪಬ್‌ನ ‘ಸೆಷನ್’. ಮೂಲೆಯ ಮೇಜಿನ ಸುತ್ತ ಪಿಟೀಲು, ಕೊಳಲು, ಕನ್ಸರ್ಟಿನಾ (ಅಕಾರ್ಡಿಯನ್ ಜಾತಿಯ ಪುಟ್ಟ ವಾದ್ಯ) ಹಿಡಿದವರು ಕೂತು ನುಡಿಸುತ್ತಾರೆ. ಸಾವಿರ ವರ್ಷದ ಪದ್ಧತಿ ಅನಿಸುತ್ತದೆ. ಆದರೆ ಪಬ್‌ನಲ್ಲಿ ಹೀಗೆ ಸೇರಿ ನುಡಿಸುವ ರೂಢಿ ಬಹುಮಟ್ಟಿಗೆ ಬೆಳೆದದ್ದು ಲಂಡನ್ನಿನಲ್ಲಿ, ಎರಡನೇ ಮಹಾಯುದ್ಧದ ನಂತರ. 1950ರ ದಶಕದಲ್ಲಿ ಸುಮಾರು 4 ಲಕ್ಷ ಜನ ಐರ್ಲೆಂಡ್ ಬಿಟ್ಟರು. ಹೆಚ್ಚಿನವರು ಬ್ರಿಟನ್ನಿಗೆ ಬಂದರು. ರಸ್ತೆ ಅಗೆದರು, ಕಟ್ಟಡ ಕಟ್ಟಿದರು, ಆಸ್ಪತ್ರೆಗಳಲ್ಲಿ ದುಡಿದರು. ಬಾಡಿಗೆ ಕೋಣೆಯಲ್ಲಿ ನಾಲ್ಕೈದು ಜನ. ಅಲ್ಲಿ ಊರಿನ ಅಡುಗೆಮನೆ ಎಲ್ಲಿಂದ ಬರಬೇಕು? ಅದಕ್ಕೆ ಕ್ಯಾಮ್ಡನ್ ಟೌನ್, ಹಾಲೊವೇ ಕಡೆಯ ಪಬ್‌ಗಳಿಗೆ ಪಿಟೀಲು ತಂದರು. ಬೇರೆ ಬೇರೆ ಜಿಲ್ಲೆಯವರು, ಊರಲ್ಲಿದ್ದಿದ್ದರೆ ಎಂದೂ ಭೇಟಿಯಾಗದವರು, ಒಂದೇ ಮೇಜಿಗೆ ಕೂತು ಒಬ್ಬರ ಟ್ಯೂನ್ ಇನ್ನೊಬ್ಬರು ಕಲಿತರು. ಆ ಪದ್ಧತಿ ಆಮೇಲೆ ಊರಿಗೆ ಹಿಂತಿರುಗಿತು.

ಇದು ಗೊತ್ತಾದ ಮೇಲೆ ಪೋಗ್ಸ್ ನನಗೆ ಸಂಪ್ರದಾಯ ಮುರಿದವರ ಹಾಗೆ ಕಾಣಿಸಲೇ ಇಲ್ಲ. ಅದೇ ಲಂಡನ್ನಿನ ಐರಿಷ್ ಪಬ್ ಸಂಗೀತದ ಮುಂದಿನ ತಲೆಮಾರು ಅವರು. ಹಿಂದಿನವರು ಕೂಲಿ ಮಾಡಿ ಸಂಜೆ ಪಿಟೀಲು ಹಿಡಿದರು. ಇವರು ಕ್ಲ್ಯಾಷ್ ಕೇಳಿ ಬೆಳೆದು ಬ್ಯಾಂಜೊ ಹಿಡಿದರು.

ಇನ್ನು ಆ ಸದ್ದಿನ ಬಗ್ಗೆ. ಮೊದಲ ದಿನಗಳ ಪೋಗ್ಸ್‌ನಲ್ಲಿ ಬೇಸ್ ಬಿಟ್ಟರೆ ವಿದ್ಯುತ್ ವಾದ್ಯವೇ ಇಲ್ಲ ಅನ್ನಬಹುದು. ಅಕೌಸ್ಟಿಕ್ ಗಿಟಾರ್, ಬ್ಯಾಂಜೊ, ಅಕಾರ್ಡಿಯನ್, ಟಿನ್ ವಿಸಲ್. ಡ್ರಮ್ಮರ್ ಆಂಡ್ರೂ ರಾಂಕನ್ ಪೂರ್ತಿ ಡ್ರಮ್ ಸೆಟ್ ಇಟ್ಟುಕೊಳ್ಳದೆ ಎರಡು ಡ್ರಮ್ ಮುಂದೆ ನಿಂತುಕೊಂಡೇ ಬಡಿಯುತ್ತಿದ್ದ. ಸ್ಪೈಡರ್ ಸ್ಟೇಸಿ ಬಿಯರ್ ತಟ್ಟೆಯನ್ನು ತನ್ನ ಹಣೆಗೆ ಟಣ್ ಟಣ್ ಅಂತ ಬಡಿದುಕೊಂಡು ತಾಳ ಹಾಕುತ್ತಿದ್ದ. ಹಳೆಯ ಟಿವಿ ದೃಶ್ಯಗಳಲ್ಲಿ ಅದು ಈಗಲೂ ಸಿಗುತ್ತದೆ, ನೋಡಿ. ಇಷ್ಟರಲ್ಲಿ ಅಷ್ಟು ಜೋರು ಸದ್ದು ಹೇಗೆ ಬರುತ್ತದೆ?

ಕಾರಣ ಲಯದಲ್ಲಿದೆ. ಐರ್ಲೆಂಡಿನ ಪೋಲ್ಕಾ ಎರಡು ಎಣಿಕೆಯ ಕುಣಿತ. ಧುಂ-ಟಕ್, ಧುಂ-ಟಕ್. ಪಂಕ್ ಡ್ರಮ್ಮರ್‌ಗಳು ಬಾರಿಸುವುದೂ ಹೆಚ್ಚುಕಡಿಮೆ ಅದನ್ನೇ, ವೇಗ ಜಾಸ್ತಿ. ಐರಿಷ್ ಬ್ಯಾಲಡ್‌ಗಳಲ್ಲಿ ಎಷ್ಟೋ ಹಾಡುಗಳು ಮೂರು ಕಾರ್ಡ್‌ಗಳಲ್ಲಿ ಮುಗಿದುಹೋಗುತ್ತವೆ. ಪಂಕ್‌ನವರಿಗೆ ಗೊತ್ತಿದ್ದದ್ದೂ ಮೂರೇ. ಬ್ಯಾಂಜೊಗೆ ಚರ್ಮದ ಹೊದಿಕೆ ಇರುವುದರಿಂದ ಪ್ರತಿ ಸ್ವರ ಚಟ್ ಅಂತ ಸಿಡಿಯುತ್ತದೆ, ತಂತಿವಾದ್ಯಕ್ಕಿಂತ ತಾಳವಾದ್ಯದ ಹಾಗೆ ಕೇಳಿಸುತ್ತದೆ. ಅಕಾರ್ಡಿಯನ್ ನಮ್ಮ ಹಾರ್ಮೋನಿಯಂ ವಂಶದ್ದೇ. ತಿದಿಯಿಂದ ಗಾಳಿ ಒತ್ತಿ ರೀಡ್‌ಗಳನ್ನು ನಡುಗಿಸುವ ವಾದ್ಯ. ಅದು ಎಲೆಕ್ಟ್ರಿಕ್ ಗಿಟಾರ್ ತುಂಬುವ ಜಾಗವನ್ನೆಲ್ಲ ತುಂಬಿಬಿಡುತ್ತದೆ. ಹೀಗೆ ಎರಡೂ ಸಂಗೀತ ಒಳಗೆ ಮೊದಲೇ ಹೊಂದಿಕೊಂಡಿದ್ದವು. ಯಾರೋ ಒಬ್ಬರು ಅದನ್ನು ಗುರುತಿಸಬೇಕಿತ್ತು. ಗುರುತಿಸೋಕೆ ಎರಡನ್ನೂ ಮೈಯಲ್ಲಿ ಇಟ್ಟುಕೊಂಡವನೇ ಬೇಕಿತ್ತು.

ಮೊದಲ ಆಲ್ಬಮ್ ಬಂದದ್ದು 1984ರಲ್ಲಿ. ಅದರಲ್ಲಿ ಹಳೆಯ ಹಾಡು ಯಾವುದು, ಶೇನ್ ಬರೆದದ್ದು ಯಾವುದು ಅಂತ ಗೊತ್ತಾಗುವುದೇ ಕಷ್ಟ. ಎರಡನೆಯದು 1985ರ ‘ರಮ್, ಸಾಡಮಿ ಆ್ಯಂಡ್ ದ ಲ್ಯಾಷ್’. ಇಂಗ್ಲಿಷ್ ಗಾಯಕ ಎಲ್ವಿಸ್ ಕಾಸ್ಟೆಲ್ಲೊ ಅದರ ನಿರ್ಮಾಪಕ. ತಂಡ ಇರುವ ಹಾಗೆ, ಒರಟು ಒರಟಾಗಿಯೇ ಹಿಡಿದಿಡಬೇಕು, ಬೇರೆ ಯಾರೋ ಬಂದು ನಯಗೊಳಿಸಿ ಹಾಳು ಮಾಡುವ ಮೊದಲು, ಅನ್ನೋದು ಕಾಸ್ಟೆಲ್ಲೊ ಇಟ್ಟುಕೊಂಡ ಗುರಿ. ದೊಡ್ಡ ಉಪಕಾರ ಮಾಡಿದರು.

ಆ ಆಲ್ಬಮ್‌ನ ‘ದಿ ಓಲ್ಡ್ ಮೇನ್ ಡ್ರ್ಯಾಗ್’ ಹಾಡನ್ನು ನಾನು ಇವತ್ತಿಗೂ ನಡುವೆ ನಿಲ್ಲಿಸದೆ ಕೇಳಲಾರೆ. ಹದಿನಾರರ ಹುಡುಗನೊಬ್ಬ ಲಂಡನ್ನಿಗೆ ಬರುತ್ತಾನೆ. ಜೇಬಿನಲ್ಲಿ ಐದು ಪೌಂಡಿನ ಒಂದೇ ನೋಟು. ಪಿಕಡಿಲಿಯ ಬೀದಿಗಳಲ್ಲಿ ಮೈ ಮಾರಿಕೊಳ್ಳುತ್ತಾನೆ. ಪೊಲೀಸರು ಹೊಡೆಯುತ್ತಾರೆ. ಮಾತ್ರೆ ನುಂಗುತ್ತಾನೆ, ಬೀಳುತ್ತಾನೆ. ಹಾಡಿನಲ್ಲಿ ಅಳು ಇಲ್ಲ, ಯಾರನ್ನೂ ಬೈಯುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿಕೊಂಡು ಹೋಗುತ್ತಾನೆ, ಕೆಳಗೆ ಅಕಾರ್ಡಿಯನ್ ಒಂದೇ ಸ್ವರ ಹಿಡಿದು ನಿಂತಿರುತ್ತದೆ. ಇದು ಹಳೆಯ ಬ್ಯಾಲಡ್‌ನದೇ ರೀತಿ. ಊರು ಬಿಟ್ಟವನ ಕಥೆ, ಜೈಲು ಸೇರಿದವನ ಕಥೆ, ಗಲ್ಲಿಗೇರುವವನ ಕೊನೆಯ ಮಾತು, ಎಲ್ಲವನ್ನೂ ಐರಿಷ್ ಬ್ಯಾಲಡ್‌ಗಳು ಹೀಗೇ, ಸಾಕ್ಷಿ ನುಡಿಯುವ ಹಾಗೆ ಹೇಳುತ್ತಾ ಬಂದಿವೆ. ಶೇನ್ ಆ ಚೌಕಟ್ಟಿಗೆ 1970ರ ದಶಕದ ಲಂಡನ್ನಿನ ಬೀದಿಯನ್ನು ತಂದು ಕೂರಿಸಿದ. ಜನಪದಕ್ಕೆ ಹೊರಳುವುದು ಅಂದರೆ ಕುರಿ, ಬೆಟ್ಟ, ಮಂಜು ಅಂತ ಬರೆಯುವುದು ಅಂದುಕೊಂಡವರಿಗೆ ಇದು ಉತ್ತರ. ಬ್ಯಾಲಡ್ ಕಟ್ಟಿದವರು ತಮ್ಮ ಕಾಲದ ಬೀದಿಯನ್ನೇ ಬರೆದಿದ್ದರು.

ಅದೇ ಆಲ್ಬಮ್‌ನ ಕೊನೆಗೆ ಎರಿಕ್ ಬೋಗಲ್ 1971ರಲ್ಲಿ ಬರೆದ, ಮೊದಲ ಮಹಾಯುದ್ಧದಲ್ಲಿ ಟರ್ಕಿಯ ಗಲಿಪೊಲಿಗೆ ಹೋಗಿ ಕಾಲು ಕಳೆದುಕೊಂಡು ಬರುವ ಆಸ್ಟ್ರೇಲಿಯಾದ ಸೈನಿಕನ ದೊಡ್ಡ ಹಾಡಿದೆ. ಅದನ್ನು ಶೇನ್ ಹಾಡುವಾಗ ವಯಸ್ಸು 27. ದನಿ ಮಾತ್ರ ಎಪ್ಪತ್ತರ ಮುದುಕನದು. ಎಲ್ಲೂ ಅಲಂಕಾರ ಇಲ್ಲ. ಉಸಿರು ತಪ್ಪಿದ ಕಡೆ ತಪ್ಪಿದೆ, ಮಾತು ತೊದಲಿದ ಕಡೆ ತೊದಲಿದೆ. ಶಾಸ್ತ್ರೀಯ ಕಿವಿಗೆ ಇದು ಅಪಸ್ವರ. ಆದರೆ ಈ ಗಂಟಲನ್ನು ವೇದಿಕೆ ಮೇಲೆ ಬಿಟ್ಟದ್ದೇ ಪಂಕ್. ಪಂಕ್ ಬರದೇ ಇದ್ದಿದ್ದರೆ ಯಾವ ಸ್ಟುಡಿಯೊದವರೂ ಆ ದನಿಗೆ ಮೈಕ್ ಕೊಡುತ್ತಿರಲಿಲ್ಲ.

ಐರ್ಲೆಂಡಿನಲ್ಲಿ ಎಲ್ಲರೂ ಇವರನ್ನು ತಬ್ಬಿಕೊಳ್ಳಲಿಲ್ಲ. 1985ರಲ್ಲಿ ಅಲ್ಲಿನ ರೇಡಿಯೊದಲ್ಲಿ ಹೆಸರಾಂತ ಕನ್ಸರ್ಟಿನಾ ವಾದಕರೊಬ್ಬರು ಇವರ ಮುಖದ ಮೇಲೆಯೇ ಇದು ಐರಿಷ್ ಸಂಗೀತಕ್ಕೆ ಮಾಡಿದ ಅವಮಾನ ಅನ್ನುವ ಅರ್ಥದ ಮಾತಾಡಿದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಕುಡುಕ ಐರಿಷ್ ಅಂತ ಇಂಗ್ಲಿಷರು ಇನ್ನೂರು ವರ್ಷ ವ್ಯಂಗ್ಯಚಿತ್ರ ಬರೆದಿದ್ದಾರೆ. ಅದನ್ನು ಅಳಿಸೋಕೆ ಒಂದು ತಲೆಮಾರು ಕಷ್ಟಪಟ್ಟು ಸಂಗೀತಕ್ಕೆ ಗೌರವ ತಂದಿರುವಾಗ, ಲಂಡನ್ನಿನಿಂದ ಹರಕು ಸೂಟಿನ ಹುಡುಗರು ಬಂದು ವೇದಿಕೆಯಲ್ಲೇ ಕುಡಿದರೆ ಹೇಗಾಗಬೇಡ? ಆದರೆ ಹಿರಿಯರಲ್ಲೇ ಇವರ ಕೈಹಿಡಿದವರೂ ಇದ್ದರು. ಡಬ್ಲಿನರ್ಸ್ 1987ರಲ್ಲಿ ಪೋಗ್ಸ್ ಜೊತೆ ‘ದಿ ಐರಿಷ್ ರೋವರ್’ ಹಾಡಿದರು. ಬಿಳಿಗಡ್ಡದವರು, ಮುರುಕು ಹಲ್ಲಿನವನು, ಎಲ್ಲ ಒಂದೇ ವೇದಿಕೆಯಲ್ಲಿ. ಬ್ರಿಟನ್ನಿನ ಮೊದಲ ಹತ್ತರಲ್ಲಿ ಬಂತು ಅದು. ಸ್ವೀನೀಸ್ ಮೆನ್, ಸ್ಟೀಲೈ ಸ್ಪ್ಯಾನ್ ಅಂಥ ಜನಪದ ತಂಡಗಳಲ್ಲಿ ಇದ್ದು ಬಂದ ಟೆರಿ ವುಡ್ಸ್ ಪೋಗ್ಸ್‌ಗೇ ಸೇರಿಕೊಂಡರು.

ಊರಲ್ಲೇ ಉಳಿದವರಿಗೆ ಶುದ್ಧತೆಯ ಚಿಂತೆ ಇರಬಹುದು. ಲಂಡನ್ನಿನ ಐರಿಷರಿಗೆ ಇದ್ದದ್ದು ಬೇರೆಯೇ ಚಿಂತೆ. 1974ರ ನವೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನ ಪಬ್‌ಗಳಲ್ಲಿ ಬಾಂಬ್ ಸಿಡಿದು 21 ಜನ ಸತ್ತರು. ಐರಿಷ್ ಸಶಸ್ತ್ರ ಗುಂಪು ಐಆರ್‌ಎ ಕೆಲಸ ಅಂದರು. ಕೆಲವೇ ದಿನದಲ್ಲಿ ಭಯೋತ್ಪಾದನೆ ತಡೆ ಕಾನೂನು ಬಂತು. ಐರಿಷ್ ಉಚ್ಚಾರ ಇದ್ದರೆ ಸಾಕು, ಅನುಮಾನ. ಬಸ್ಸಿನಲ್ಲಿ, ಕೆಲಸದ ಜಾಗದಲ್ಲಿ ಜನ ದನಿ ತಗ್ಗಿಸಿ ಮಾತಾಡುತ್ತಿದ್ದ ಕಾಲ. ಬರ್ಮಿಂಗ್‌ಹ್ಯಾಮ್ ಪ್ರಕರಣದಲ್ಲಿ ಜೈಲಿಗೆ ಹಾಕಿದ ಆರು ಜನ ನಿರಪರಾಧಿಗಳು ಅಂತ ಕೋರ್ಟು ಒಪ್ಪಿಕೊಂಡು ಬಿಟ್ಟದ್ದು 1991ರಲ್ಲಿ. ಅದಕ್ಕೂ ಮೂರು ವರ್ಷ ಮುಂಚೆಯೇ ಪೋಗ್ಸ್ ಆ ಆರು ಜನರ ಬಗ್ಗೆ ಹಾಡು ಹಾಡಿದ್ದರು. 1988ರಲ್ಲೇ ಅದನ್ನು ಬ್ರಿಟನ್ನಿನ ಪ್ರಸಾರ ಪ್ರಾಧಿಕಾರ ನಿಷೇಧಿಸಿತು. ದನಿ ತಗ್ಗಿಸಿ ಬದುಕಿದ ಅಪ್ಪ ಅಮ್ಮಂದಿರ ಮಕ್ಕಳು, ಅವರದೇ ಹಾಡುಗಳನ್ನು ಊರಿಗೆಲ್ಲ ಕೇಳುವಷ್ಟು ಜೋರಾಗಿ, ಇಂಗ್ಲೆಂಡಿನ ರಾಜಧಾನಿಯಲ್ಲೇ ನಿಂತು ಹಾಡಿದರು. ಈ ಹಿನ್ನೆಲೆ ಬಿಟ್ಟು ಪೋಗ್ಸ್ ಕೇಳಿದರೆ ಬರೀ ಪಾರ್ಟಿ ಸಂಗೀತ ಅನಿಸುತ್ತದೆ. ಅಮೆರಿಕದಲ್ಲಿ ಇವರ ನಂತರ ಬಂದ ಎಷ್ಟೋ ತಂಡಗಳಲ್ಲಿ ನನಗೆ ಕೇಳಿಸುವುದು ಅಷ್ಟೇ. ವೇಗ ಇದೆ, ಹಸಿರು ಶರ್ಟ್ ಇದೆ. ಆ ಭಯ, ಆ ಸಿಟ್ಟು ಇಲ್ಲ.

ಇದೆಲ್ಲ ನನಗೆ ಇಷ್ಟು ತಾಗೋಕೆ ಕಾರಣ ಇದೆ. ಲಂಡನ್ನಿನಲ್ಲಿದ್ದಾಗ ನಮ್ಮ ಕನ್ನಡದವರ ರಾಜ್ಯೋತ್ಸವಕ್ಕೆ ಹೋಗುತ್ತಿದ್ದೆ. ಮಕ್ಕಳು ಜರಿ ಅಂಚಿನ ಬಟ್ಟೆ ಹಾಕಿಕೊಂಡು, ಕೀಬೋರ್ಡ್ ಟ್ರ್ಯಾಕ್‌ಗೆ ಸರಿಯಾಗಿ, ಒಂದಕ್ಷರ ತಪ್ಪದೆ ಜನಪದ ಗೀತೆ ಹಾಡುತ್ತಿದ್ದರು. ಅವರನ್ನು ಕಲಿಸಿ ತಯಾರು ಮಾಡಿದ ತಾಯಂದಿರ ಶ್ರಮ ದೊಡ್ಡದು, ಅದಕ್ಕೆ ನನ್ನ ಗೌರವ ಇದೆ. ಆದರೆ ನಮ್ಮ ಮನೆಯ ಮದುವೆಗಳಲ್ಲಿ ಸೋಬಾನೆ ಹೇಳುತ್ತಿದ್ದ ನಮ್ಮ ದೊಡ್ಡಮ್ಮನ ದನಿ ಹಾಗೆ ಇರಲಿಲ್ಲ. ಒಡಕು ದನಿ, ನಡುವೆ ಕೆಮ್ಮು, ಬೀಗರನ್ನು ಚುಚ್ಚುವ ಸಾಲು ಅಲ್ಲಲ್ಲೇ ಕಟ್ಟಿ ಸೇರಿಸುತ್ತಿದ್ದರು. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಆ ಮಕ್ಕಳಲ್ಲಿ ಯಾರಾದರೂ ಒಬ್ಬರು ಮುಂದೆ, ತಮ್ಮ ಲಂಡನ್ ಉಚ್ಚಾರದ ಕನ್ನಡದಲ್ಲೇ, ತಮ್ಮ ಸಿಟ್ಟು, ತಮ್ಮ ಚುಚ್ಚುಮಾತು ಸೇರಿಸಿ ಸೋಬಾನೆ ಕಟ್ಟಿದರೆ ನಾವು ಕೇಳುತ್ತೇವಾ? ಅಥವಾ ಉಚ್ಚಾರ ತಿದ್ದುತ್ತಾ ಕೂರುತ್ತೇವಾ? ನನ್ನ ಆಸೆ ಮೊದಲನೆಯದು. ತುಂಬಾ ಆಸೆ.

ಕುಡಿತದ ಮಾತು ಬಿಟ್ಟರೆ ಪ್ರಾಮಾಣಿಕ ಆಗುವುದಿಲ್ಲ. ಶೇನ್‌ನ ಕುಡಿತವನ್ನು ಜನ ಕಥೆ ಕಟ್ಟಿ ಮೆರೆಸಿದರು. ನನಗೆ ಅದರಲ್ಲಿ ಮೆರೆಸುವಂಥದ್ದು ಏನೂ ಕಾಣುವುದಿಲ್ಲ. 1991ರಲ್ಲಿ ಜಪಾನ್ ಪ್ರವಾಸದಲ್ಲಿ ಗೆಳೆಯರೇ ಅವನನ್ನು ತಂಡದಿಂದ ಹೊರಗಿಟ್ಟರು. ಹಾಡೋಕೆ ಆಗದ ಸ್ಥಿತಿಗೆ ಬಂದಿದ್ದ. ಕೆಲವು ಕಾಲ ಅವನ ಜಾಗದಲ್ಲಿ ಹಾಡಿದ್ದು ಕ್ಲ್ಯಾಷ್‌ನ ಜೋ ಸ್ಟ್ರಮ್ಮರ್. ಆಮೇಲೆ ಶೇನ್ ಬೇರೆ ತಂಡ ಕಟ್ಟಿದ, 2001ರಿಂದ ಪೋಗ್ಸ್ ಮತ್ತೆ ಒಂದಾಗಿ ಕಾರ್ಯಕ್ರಮ ಕೊಟ್ಟರು. ಆದರೆ 1984ರಿಂದ 1988ರೊಳಗೆ ಬರೆದಂಥ ಹಾಡುಗಳನ್ನು ಅವನು ಮತ್ತೆ ಅಷ್ಟಾಗಿ ಬರೆಯಲಿಲ್ಲ. ಇನ್ನೂ ಇಪ್ಪತ್ತು ವರ್ಷ ಆ ಕೈ ಬರೆದಿದ್ದರೆ ಅಂತ ಯೋಚಿಸಿದರೆ ಹೊಟ್ಟೆ ಉರಿಯುತ್ತದೆ.

ಅವನ ಅಂತ್ಯಸಂಸ್ಕಾರ ನಡೆದದ್ದು 2023ರ ಡಿಸೆಂಬರ್ 8ರಂದು, ತಾಯಿಯ ಊರಿನ ಪಕ್ಕದ ಅದೇ ನೀನಾದಲ್ಲಿ. ಚರ್ಚ್‌ನ ಒಳಗೆ ಗ್ಲೆನ್ ಹನ್ಸಾರ್ಡ್ ಮತ್ತು ಲಿಸಾ ಓನೀಲ್ ಆ ಕ್ರಿಸ್‌ಮಸ್ ಹಾಡು ಹಾಡಿದಾಗ ಮನೆಯವರೇ ಎದ್ದು ಕುಣಿದರು. ದೇಶದ ಆಗಿನ ಅಧ್ಯಕ್ಷ ಮೈಕಲ್ ಡಿ. ಹಿಗಿನ್ಸ್ ಕೂಡ ಇದ್ದರು. ಒಂದು ಕಾಲದಲ್ಲಿ ಪಾದ್ರಿಗಳು ಮನೆಯ ಕುಣಿತಕ್ಕೂ ಅಡ್ಡ ಬಂದಿದ್ದ ದೇಶ ಅದು.

ಈಗಿನವರಲ್ಲಿ ಡಬ್ಲಿನ್ನಿನ ‘ಲ್ಯಾಂಕಮ್’ ತಂಡ ನನಗೆ ಈ ದಾರಿಯ ಮುಂದುವರಿಕೆ ಅನಿಸುತ್ತದೆ. ಅದರ ಇಯನ್ ಲಿಂಚ್, ಡಾರಾ ಲಿಂಚ್ ಅಣ್ಣತಮ್ಮಂದಿರು ಪಂಕ್ ಬಳಗದಿಂದ ಬಂದವರು. ಇಯನ್ ಐರ್ಲೆಂಡಿನ ತಿದಿವಾದ್ಯ ಇಲಿಯನ್ ಪೈಪ್ಸ್ ನುಡಿಸುತ್ತಾರೆ. ತಂಡದ ಹೆಸರು ಬಂದದ್ದು ಅಲೆಮಾರಿ ಸಮುದಾಯದ ಹಾಡುಗಾರ ಜಾನ್ ರೈಲಿ ಹಾಡುತ್ತಿದ್ದ ಹಳೆಯ ಬ್ಯಾಲಡ್ ಒಂದರಿಂದ. ಇವರು ಪೋಗ್ಸ್ ಹಾಗೆ ಓಡುವುದಿಲ್ಲ. ನಿಧಾನ, ಭಾರ. ಒಂದು ಶ್ರುತಿ ಹಿಡಿದು ಹತ್ತು ನಿಮಿಷ ಕೂರುತ್ತಾರೆ, ಆ ಶ್ರುತಿ ಬೆಳೆಯುತ್ತಾ ಬೆಳೆಯುತ್ತಾ ಗೋಡೆ ನಡುಗುತ್ತದೆ. 2023ರ ಇವರ ಆಲ್ಬಮ್ ಬ್ರಿಟನ್ನಿನ ಮರ್ಕ್ಯುರಿ ಪ್ರಶಸ್ತಿಯ ಕಿರುಪಟ್ಟಿಗೆ ಬಂತು. ತಂಬೂರಿಯ ನಾದ ಹಿಡಿದು ತತ್ವಪದ ಕೇಳಿ ಬೆಳೆದ ನಮ್ಮ ಕಿವಿಗೆ ಇವರು ಬೇಗ ಹತ್ತಿರವಾಗುತ್ತಾರೆ.

ಶುರು ಮಾಡುವವರಿಗೆ ನನ್ನ ಸಲಹೆ ಇಷ್ಟು. ಕ್ರಿಸ್‌ಮಸ್ ಹಾಡನ್ನು ಸದ್ಯಕ್ಕೆ ಪಕ್ಕಕ್ಕಿಡಿ. 1985ರ ಆಲ್ಬಮ್ ಮೊದಲಿಂದ ಕೊನೆಯವರೆಗೆ ಕೇಳಿ. ಆಮೇಲೆ ಲ್ಯೂಕ್ ಕೆಲ್ಲಿ ದನಿಯಲ್ಲಿ ಡಬ್ಲಿನರ್ಸ್, ಅದಾದ ಮೇಲೆ ಲ್ಯಾಂಕಮ್. ಮೊದಲ ಸಲ ಶೇನ್‌ನ ಮಾತು ಅರ್ಧಕ್ಕರ್ಧ ಅರ್ಥವಾಗುವುದಿಲ್ಲ, ಪರವಾಗಿಲ್ಲ. ಎರಡನೇ ಸಲ ಸಾಹಿತ್ಯ ಮುಂದಿಟ್ಟುಕೊಂಡು ಕೇಳಿ.